ಡೆಟ್ರಾಯಿಟ್ ನದಿಯ ಎರಡು ದಂಡೆಗಳು

ಕನ್ನಡದ ಪ್ರವಾಸ ಸಾಹಿತ್ಯವನ್ನು ತರಗತಿಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಮತ್ತೆ ಮತ್ತೆ ಬರುತ್ತಿತ್ತು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ವಾಗಲಿ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಆಗಲಿ, ನಮ್ಮವರು ಪರದೇಶವನ್ನು ನೋಡುವಾಗ ಹೋಲಿಕೆಗೆಂದು ಪಕ್ಕದಲ್ಲಿಟ್ಟುಕೊಳ್ಳುವುದು ಬಹುಮಟ್ಟಿಗೆ ನಮ್ಮ ಊರನ್ನೇ. ಪರದೇಶಗಳೆರಡನ್ನು ಒಂದರ ಪಕ್ಕ ಒಂದಿಟ್ಟು, ಇದರಲ್ಲಿ ಬದುಕುವುದು ಮೇಲೋ ಅದರಲ್ಲಿ ಬದುಕುವುದು ಮೇಲೋ ಎಂದು ಕೇಳುವ ಪ್ರಮೇಯ ಆ ತಲೆಮಾರಿನವರಿಗೆ ಅಷ್ಟಾಗಿ ಒದಗಿರಲಿಲ್ಲ. ನನ್ನಂಥ ಸಾಮಾನ್ಯ ಅಧ್ಯಾಪಕನಿಗೆ ಅದು ಒದಗಿಬಂದದ್ದು ಮಕ್ಕಳಿಂದಾಗಿ. ಮಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟಿನ ಒಂದು ಉಪನಗರದಲ್ಲಿದ್ದಾನೆ. ಮಗಳು ಕೆನಡಾದ ವಿಂಡ್ಸರ್ ಎಂಬ ಊರಿನಲ್ಲಿದ್ದಾಳೆ. ನಡುವೆ ಇರುವುದು ಒಂದು ನದಿ.

ಈ ಎರಡು ಊರುಗಳನ್ನು ಹೋಲಿಸುವುದರಲ್ಲಿ ಒಂದು ಅನುಕೂಲವಿದೆ. ಹಸ್ತಪ್ರತಿಗಳ ಸಂಪಾದನೆ ಮಾಡಿದವರಿಗೆ ಇದು ಬೇಗ ತಿಳಿಯುತ್ತದೆ: ಇವು ಒಂದೇ ಕೃತಿಯ ಎರಡು ಪಾಠಗಳು. ಅದೇ ಹಿಮ, ಅದೇ ಇಂಗ್ಲಿಷು, ಅದೇ ಮೋಟಾರು ಕಾರಿನ ಉದ್ಯಮ, ಅದೇ ಅಂಗಡಿಗಳು. 1929ರಲ್ಲಿ ತೆರೆದ ಅಂಬಾಸಿಡರ್ ಸೇತುವೆ ಹಾಗೂ ಮರುವರ್ಷದ ಸುರಂಗಮಾರ್ಗ ಇವೆರಡನ್ನೂ ಬೆಸೆದಿವೆ. ಕೆನಡಾ ಅಮೆರಿಕದ ಉತ್ತರಕ್ಕಿದೆ ಎಂದು ಶಾಲೆಯಲ್ಲಿ ಕಲಿತವರಿಗೆ ಒಂದು ತಮಾಷೆಯೂ ಕಾದಿದೆ. ಇಲ್ಲಿ ನದಿಯ ತಿರುವಿನ ದೆಸೆಯಿಂದ ಕೆನಡಾದ ವಿಂಡ್ಸರ್ ದಕ್ಷಿಣಕ್ಕೆ, ಅಮೆರಿಕದ ಡೆಟ್ರಾಯಿಟ್ ಉತ್ತರಕ್ಕೆ! ಇಷ್ಟೆಲ್ಲ ಸಮಾನವಾಗಿರುವಾಗ ಉಳಿಯುವ ಪಾಠಾಂತರಗಳಿಗೆ ಹವೆಯಾಗಲಿ ಮಣ್ಣಾಗಲಿ ಕಾರಣವಲ್ಲ, ಮನುಷ್ಯರು ಮಾಡಿಕೊಂಡ ಕಾನೂನುಗಳೇ ಕಾರಣ ಎನ್ನಬಹುದು.

ನಾನು ಮೊದಲ ಬಾರಿಗೆ ಅಲ್ಲಿಗೆ ಹೋದದ್ದು 2019ರ ಬೇಸಗೆಯಲ್ಲಿ, ಪತ್ನಿಯೊಡನೆ. ಇಪ್ಪತ್ತು ವರ್ಷಗಳಿಂದ ನಾನು ಸಕ್ಕರೆ ಕಾಯಿಲೆಯವನು, ಇನ್ಸುಲಿನ್ ಚುಚ್ಚಿಕೊಳ್ಳುವವನು. ಔಷಧಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕೆಂದು ವೈದ್ಯರು ಹೇಳಿದ್ದರೂ ಅದು ಹೇಗೋ ದೊಡ್ಡ ಪೆಟ್ಟಿಗೆಯನ್ನು ಸೇರಿತು. ಪೆಟ್ಟಿಗೆ ನಮ್ಮ ಜೊತೆ ಇಳಿಯಲಿಲ್ಲ. ಎರಡನೆಯ ದಿನ ಮಗ ನನ್ನನ್ನು ಔಷಧಿ ಅಂಗಡಿಗೆ ಕರೆದೊಯ್ದ. ಅಲ್ಲಿನ ವೈದ್ಯರ ಚೀಟಿ ಇಲ್ಲದೆ ನಾನು ಬಳಸುವ ಬಗೆಯ ಇನ್ಸುಲಿನ್ ಕೊಡುವಂತಿಲ್ಲ ಎಂದರು. ಬೆಲೆ ಕೇಳಿದೆ. ಒಂದು ಸೀಸೆಗೆ ಮುನ್ನೂರು ಡಾಲರಿನ ಸಮೀಪ. ನಾವು ಮುಂಬಯಿಯಲ್ಲಿ ಕೊಂಡುಕೊಂಡು ಹೋಗಿದ್ದ ಪ್ರವಾಸ ವಿಮೆಯ ಕಾಗದದಲ್ಲಿ, ಮೊದಲೇ ಇದ್ದ ಕಾಯಿಲೆಗೆ ಪರಿಹಾರವಿಲ್ಲ ಎಂಬ ಸಾಲು ಸಣ್ಣ ಅಕ್ಷರದಲ್ಲಿತ್ತು. ಜೀವನದುದ್ದಕ್ಕೂ ಅಡಿಟಿಪ್ಪಣಿ ಓದಿ ಎಂದು ವಿದ್ಯಾರ್ಥಿಗಳಿಗೆ ಹೇಳಿದವನು ನಾನು.

ಮಗ ಕೊಡಲು ಸಿದ್ಧನಿದ್ದ. ಆದರೆ ಮಗಳು ಫೋನಿನಲ್ಲಿ, “ಅಪ್ಪಾ, ತಡೀರಿ, ಸಂಜೆ ನಾನೇ ತರ್ತೇನೆ” ಎಂದಳು. ತಂದಳು. ಸೇತುವೆಯ ಆಚೆ ಅದೇ ಇನ್ಸುಲಿನ್ನಿಗೆ ವೈದ್ಯರ ಚೀಟಿ ಬೇಕಿಲ್ಲ. ಬೆಲೆ ಸುಮಾರು ಹತ್ತನೆಯ ಒಂದು ಪಾಲು. ನಾವೇ ಈ ಉಪಾಯ ಕಂಡುಹಿಡಿದವರೇನಲ್ಲ. ಅದೇ ವರ್ಷ ಜುಲೈ 28ರಂದು ಸೆನೆಟರ್ ಬರ್ನಿ ಸ್ಯಾಂಡರ್ಸ್ ಸಕ್ಕರೆ ಕಾಯಿಲೆಯ ಅಮೆರಿಕನ್ನರ ಒಂದು ತಂಡದೊಡನೆ ಬಸ್ಸಿನಲ್ಲಿ ಡೆಟ್ರಾಯಿಟಿನಿಂದ ವಿಂಡ್ಸರಿಗೆ ಬಂದು ಇನ್ಸುಲಿನ್ ಕೊಳ್ಳುವ ಕಾರ್ಯಕ್ರಮ ನಡೆಸಿದರು. ಜಗತ್ತಿನ ಅತ್ಯಂತ ಶ್ರೀಮಂತ ದೇಶದವರು ಔಷಧಿಗಾಗಿ ಗಡಿ ದಾಟುವುದನ್ನು ನಾವು ದೂರದರ್ಶನದಲ್ಲಿ ನೋಡಿದೆವು.

ಈ ಔಷಧಿಯ ಹುಟ್ಟು ಕೂಡ ನದಿಯ ಆ ದಂಡೆಯದ್ದೇ. 1920ರ ಅಕ್ಟೋಬರ್ 31ರ ರಾತ್ರಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ವೈದ್ಯನಿಗೆ ಅದರ ಹೊಳಹು ಸಿಕ್ಕಿದ್ದು ಒಂಟಾರಿಯೋ ಪ್ರಾಂತದ ಲಂಡನ್ ನಗರದಲ್ಲಿ, ವಿಂಡ್ಸರಿನಿಂದ ಎರಡು ಗಂಟೆಯ ದಾರಿ. ಸಂಶೋಧಕರು ಅದರ ಹಕ್ಕುಪತ್ರವನ್ನು 1923ರಲ್ಲಿ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ನ್ಯಾಯವಾಗಿ ಹೇಳಬೇಕಾದದ್ದು, ಅಮೆರಿಕವೂ ಆಮೇಲೆ ಸ್ವಲ್ಪ ಬದಲಾಗಿದೆ. 2022ರ ಒಂದು ಕಾನೂನಿನ ಪ್ರಕಾರ ವೃದ್ಧರ ಸರ್ಕಾರಿ ವಿಮೆಯಲ್ಲಿರುವವರಿಗೆ ತಿಂಗಳ ಇನ್ಸುಲಿನ್ ವೆಚ್ಚ 35 ಡಾಲರಿಗೆ ಮೀರುವಂತಿಲ್ಲ. ಕಂಪನಿಗಳೂ 2023ರಲ್ಲಿ ಬೆಲೆ ಇಳಿಸಿದವು.

ಇದಿಷ್ಟನ್ನೇ ಕೇಳಿದವರು ಕೆನಡಾವೇ ಮೇಲು ಎಂದುಬಿಡಬಹುದು. ನಾನೂ ಆ ಬೇಸಗೆಯಲ್ಲಿ ಹಾಗೆಯೇ ಅಂದೆ, ಮಗನ ಎದುರಿಗೇ. ಅವನು ಉತ್ತರ ಕೊಡಲಿಲ್ಲ. ಉತ್ತರ ಆಮೇಲೆ ಮಗಳ ಮನೆಯಲ್ಲಿ ಸಿಕ್ಕಿತು. ಅಳಿಯ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ನಾವು ಕುಳಿತದ್ದು ಏಳು ಗಂಟೆಯ ಹೊತ್ತು. ಕೊನೆಗೆ ಚಿಕಿತ್ಸೆ ಚೆನ್ನಾಗಿಯೇ ಆಯಿತು. ಹೊರಡುವಾಗ ಯಾರೂ ಹಣ ಕೇಳಲಿಲ್ಲ. ಮಿಷಿಗನ್ನಿನಲ್ಲಿ ಮೊಮ್ಮಗನ ಮೊಣಕೈಗೆ ಪೆಟ್ಟಾದಾಗ ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಮುಗಿದಿತ್ತು. ಆದರೆ ಬಿಲ್ಲುಗಳು ಮುಗಿಯಲಿಲ್ಲ. ಆಸ್ಪತ್ರೆಯದೊಂದು, ವೈದ್ಯರದೊಂದು, ಕ್ಷಕಿರಣದ ಚಿತ್ರ ನೋಡಿದವರದೊಂದು ಎಂದು ಮೂರು ತಿಂಗಳ ಕಾಲ ಬೇರೆ ಬೇರೆ ಲಕೋಟೆಗಳಲ್ಲಿ ಅವು ಬರುತ್ತಲೇ ಇದ್ದವು. ಅಲ್ಲಿ ಕಾಯಬೇಕಾದದ್ದು ಮೊದಲು, ಇಲ್ಲಿ ಕಾಯಬೇಕಾದದ್ದು ಆಮೇಲೆ ಎಂದು ಸೊಸೆ ನಕ್ಕಳು.

ಸೊಸೆ ಎಂದೊಡನೆ ಇನ್ನೊಂದು ವಿಷಯ ನೆನಪಾಗುತ್ತದೆ. ಅವಳಿಗೆ 2016ರಲ್ಲಿ ಹೆರಿಗೆಯಾಯಿತು. ಅಮೆರಿಕದ 1993ರ ಕಾನೂನು ಕೊಡಮಾಡುವುದು ಹನ್ನೆರಡು ವಾರಗಳ ರಜೆ. ಸಂಬಳವಿಲ್ಲ, ಸಣ್ಣ ಸಂಸ್ಥೆಗಳಿಗೆ ಅದೂ ಅನ್ವಯವಾಗದು. ಹದಿಮೂರನೆಯ ವಾರ ಅವಳು ಹಾಲು ಹಿಂಡಿ ಸೀಸೆಯಲ್ಲಿಟ್ಟು ಕೆಲಸಕ್ಕೆ ಹೋದಳು. ಮಗಳಿಗೆ 2022ರಲ್ಲಿ ಹೆಣ್ಣು ಮಗುವಾದಾಗ ಹೆಚ್ಚುಕಡಿಮೆ ಒಂದು ವರ್ಷ ಮನೆಯಲ್ಲಿದ್ದಳು. ಉದ್ಯೋಗ ವಿಮೆಯಿಂದ ಸಂಬಳದ ಶೇಕಡಾ 55ರವರೆಗೆ, ಒಂದು ಮಿತಿಗೊಳಪಟ್ಟು, ಬರುತ್ತಿತ್ತು. ಈ ವ್ಯತ್ಯಾಸವನ್ನು ನಾದಿನಿ ಅತ್ತಿಗೆಯರು ನನ್ನೆದುರು ಎಂದೂ ಆಡಲಿಲ್ಲ. ಆದರೆ ವಿಂಡ್ಸರಿಗೆ ಬಂದಾಗಲೆಲ್ಲ ಸೊಸೆ ಆ ಮಗುವನ್ನು ಎತ್ತಿಕೊಂಡು ಬಹಳ ಹೊತ್ತು ಕೆಳಗಿಳಿಸುತ್ತಿರಲಿಲ್ಲ.

ಗಳಿಕೆಯಲ್ಲಿ ಮಗನದೇ ಮೇಲುಗೈ. ಒಂದೇ ಬಗೆಯ ಕೆಲಸಕ್ಕೆ ಅಮೆರಿಕದಲ್ಲಿ ಸಂಬಳ ಹೆಚ್ಚು, ತೆರಿಗೆ ಕಡಿಮೆ, ಮನೆಯೂ ಆದಾಯಕ್ಕೆ ಹೋಲಿಸಿದರೆ ಅಗ್ಗ. ವಿಂಡ್ಸರಿನ ಎಷ್ಟೋ ಮಂದಿ ದಾದಿಯರು ಬೆಳಿಗ್ಗೆ ಸುರಂಗ ಹಾದು ಡೆಟ್ರಾಯಿಟಿನ ಆಸ್ಪತ್ರೆಗಳಲ್ಲಿ ದುಡಿದು ರಾತ್ರಿ ಕೆನಡಾಕ್ಕೆ ಮರಳುತ್ತಾರೆ. ಎರಡು ದೇಶಗಳ ಜೀವನಮಟ್ಟವನ್ನು ಅವರಷ್ಟು ನಿಖರವಾಗಿ ಅಳೆದವರು ಬೇರೆ ಯಾರೂ ಇರಲಾರರು. ನಮ್ಮ ಗಾರೆ ಕೆಲಸದವರ ರಸಮಟ್ಟದ ಗುಳ್ಳೆಯಂತೆ ಅವರು ದಿನವೂ ಅತ್ತಿತ್ತ ಸರಿಯುತ್ತ, ನಡುವೆ ಎಲ್ಲೋ ನಿಲ್ಲುತ್ತಾರೆ. ಇನ್ನು ಆಯುಷ್ಯದ ಲೆಕ್ಕ: 2023ರಲ್ಲಿ ಹುಟ್ಟಿದಾಗಿನ ನಿರೀಕ್ಷಿತ ಆಯುಷ್ಯ ಅಮೆರಿಕದಲ್ಲಿ 78.4 ವರ್ಷ, ಕೆನಡಾದಲ್ಲಿ 81.7. ಈ ಮೂರು ವರ್ಷಗಳ ಅಂತರದೊಳಗೆ ಬಂದೂಕು, ಮಾದಕದ್ರವ್ಯ, ಕಾರು ಅಪಘಾತ ಎಲ್ಲವೂ ಅಡಗಿವೆ. ಬಾಗಿಲು ಮುಚ್ಚಿ ಕತ್ತಲಲ್ಲಿ ಮೌನವಾಗಿ ಕೂರುವ ಅಭ್ಯಾಸವನ್ನು ಎರಡೂ ದೇಶಗಳ ಶಾಲೆಗಳಲ್ಲಿ ಮಾಡಿಸುತ್ತಾರೆ. ಆದರೆ 2021ರ ನವೆಂಬರ್ 30ರಂದು ಮಿಷಿಗನ್ನಿನ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದ ಮೇಲೆ ನನ್ನ ಮೊಮ್ಮಗನಿಗೆ ಅದು ಬರಿಯ ಅಭ್ಯಾಸವಾಗಿ ಉಳಿಯಲಿಲ್ಲ.

ಆ ವರ್ಷವೇ ನನ್ನ ಪತ್ನಿ ತೀರಿಕೊಂಡಳು. ಮಕ್ಕಳಿಬ್ಬರೂ ನನ್ನನ್ನು ಕರೆಯತೊಡಗಿದರು. ಪ್ರಶ್ನೆ ಈಗ ಪಾಂಡಿತ್ಯದ್ದಾಗಿ ಉಳಿಯಲಿಲ್ಲ.

2023ರ ಜನವರಿಯಲ್ಲಿ ನಾನು ವಿಂಡ್ಸರಿನಲ್ಲಿದ್ದೆ. ಮೊಮ್ಮಗಳಿಗೆ ಕಿವಿ ಚುಚ್ಚಿಸುವುದಿತ್ತು. ನಮ್ಮ ಕುಮಟೆಯ ಕಡೆ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುವುದು ವಾಡಿಕೆ. ಅದಕ್ಕೆ ನಾಲ್ಕು ದಿನ ಮೊದಲು ಮಗನ ಕಂಪನಿ ಅವನನ್ನು ಕೆಲಸದಿಂದ ತೆಗೆದುಹಾಕಿತು. ಅವನಿರುವುದು ಎಚ್-1ಬಿ ವೀಸಾದ ಮೇಲೆ. ಕೆಲಸ ಹೋದರೆ ಅರುವತ್ತು ದಿನಗಳೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ದೇಶ ಬಿಡಬೇಕು. ಆ ಅವಧಿಯಲ್ಲಿ ಗಡಿ ದಾಟಿದರೆ ಉಳಿದ ದಿನಗಳ ಆಸರೆಯೂ ಹೋಗುತ್ತದೆ. ಅವನು ಖಾಯಂ ವಾಸದ ಪತ್ರಕ್ಕೆ ಅರ್ಜಿ ಹಾಕಿ ಆಗಲೇ ಒಂಬತ್ತು ವರ್ಷವಾಗಿತ್ತು. ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಶೇಕಡಾ ಏಳಕ್ಕಿಂತ ಹೆಚ್ಚು ಕೊಡಕೂಡದೆಂಬ ನಿಯಮದಿಂದಾಗಿ ಭಾರತೀಯರ ಸಾಲು ಮುಂದೆ ಸರಿಯುವುದೇ ಇಲ್ಲ. ಅವನಿಗಿಂತ ಹಿಂದೆ ಹೊರಟ ತಂಗಿ ಕೆನಡಾದ ಅಂಕಗಳ ಪದ್ಧತಿಯಲ್ಲಿ 2015ರಲ್ಲಿ ಹೋಗಿ ನಾಲ್ಕನೆಯ ವರ್ಷಕ್ಕೆ ಪೌರಳಾಗಿದ್ದಳು. ಕೆಲಸದ ಜೊತೆಗೆ ಕುಟುಂಬದ ಆರೋಗ್ಯ ವಿಮೆಯೂ ಹೋಗುತ್ತದೆ. ಉಳಿಸಿಕೊಳ್ಳಬೇಕಾದರೆ ಪೂರ್ತಿ ಕಂತನ್ನು ತಾನೇ ಕಟ್ಟಬೇಕು. ಕಟ್ಟಿದ.

ಒಂದು ಸಂಜೆ ನಾನು ವಿಂಡ್ಸರಿನ ನದೀತೀರದ ಉದ್ಯಾನದಲ್ಲಿ ಕುಳಿತಿದ್ದೆ. ಎದುರಿಗೆ ಡೆಟ್ರಾಯಿಟಿನ ಗಗನಚುಂಬಿಗಳು ಕೈಚಾಚಿದರೆ ಸಿಗುವಂತೆ ಹೊಳೆಯುತ್ತಿದ್ದವು. ಆ ನಗರದಲ್ಲಿ 1950ರಲ್ಲಿ ಹದಿನೆಂಟು ಲಕ್ಷಕ್ಕೂ ಮಿಕ್ಕಿ ಜನರಿದ್ದರು. 2020ರ ಹೊತ್ತಿಗೆ ಆರೂವರೆ ಲಕ್ಷಕ್ಕೂ ಕಡಿಮೆ. ಮಗನಿಗೆ ಫೋನು ಮಾಡಿ, “ಈ ಕಡೆ ಬಂದುಬಿಡೋ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ಹನ್ನೊಂದು ವರ್ಷ ಇಲ್ಲಿ ಹಾಕಿದೀನಿ” ಎಂದ. ಊರಿಂದ ಬಂದು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ತಂದೆಯವರೂ ಮುಂಬಯಿಯನ್ನು ಕುರಿತು ಇದೇ ಮಾತು ಆಡಿದ್ದರು.

ಐವತ್ತನೆಯ ದಿನ ಅವನಿಗೆ ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ. ಆ ಜುಲೈ 16ರಂದು ಕೆನಡಾ ಸರ್ಕಾರ ಎಚ್-1ಬಿ ಉಳ್ಳವರಿಗೆಂದೇ ಹತ್ತು ಸಾವಿರ ಕೆಲಸದ ಪರವಾನಗಿಗಳಿಗೆ ಅರ್ಜಿ ಸ್ವೀಕರಿಸತೊಡಗಿತು. ಎರಡು ದಿನದೊಳಗೆ ಅರ್ಜಿಗಳ ಮಿತಿ ತುಂಬಿಹೋಯಿತು. ಮಗ ಅರ್ಜಿಯನ್ನು ತುಂಬಿದ್ದನಂತೆ. ಕಳುಹಿಸಲಿಲ್ಲ.

ನನ್ನ ಸಂಗತಿಯಂತೂ ಕಾಗದಪತ್ರಗಳೇ ತೀರ್ಮಾನಿಸಿದವು. ಪೌರನಲ್ಲದ ಮಗ ತಂದೆಯನ್ನು ಖಾಯಂ ಆಗಿ ಕರೆಸಿಕೊಳ್ಳುವಂತಿಲ್ಲ. ಮಗಳು ‘ಸೂಪರ್ ವೀಸಾ’ದ ಮೇಲೆ ಒಂದೇ ಬಾರಿಗೆ ಐದು ವರ್ಷ ಇಟ್ಟುಕೊಳ್ಳಬಲ್ಲಳು, ಆದರೆ ನಾನು ಹೊಗಳಿದ ಆ ಸರ್ಕಾರಿ ವೈದ್ಯಸೇವೆ ನನ್ನಂಥ ಅತಿಥಿಗೆ ಇಲ್ಲ. ಕನಿಷ್ಠ ಒಂದು ಲಕ್ಷ ಡಾಲರಿನ ಖಾಸಗಿ ವಿಮೆಯನ್ನು ಕೊಳ್ಳಬೇಕು. ಎಪ್ಪತ್ತು ದಾಟಿದ ಸಕ್ಕರೆ ಕಾಯಿಲೆಯವನಿಗೆ ಅದರ ಕಂತೆಷ್ಟೆಂದು ಮಗಳು ಎಂದೂ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಡೊಂಬಿವಲಿಯ ಮನೆಗೆ ಮರಳಿದೆ. ಇನ್ಸುಲಿನ್ ಇಲ್ಲಿ ಕೆಳಗಿನ ಅಂಗಡಿಯಲ್ಲಿ ಸಿಗುತ್ತದೆ. ಹುಡುಗ ಮೇಲೆಯೇ ತಂದುಕೊಡುತ್ತಾನೆ.

ಹೊರಡುವ ಮುನ್ನ, ಆ ಆಗಸ್ಟಿನಲ್ಲಿ, ಕಿವಿ ಚುಚ್ಚಿಸುವ ಕೆಲಸ ಮಾತ್ರ ಆಯಿತು, ಮಗನ ಮನೆಯಲ್ಲಿ. ಮಗುವನ್ನು ಕರೆದುಕೊಂಡು ನಾವೆಲ್ಲ ಸೇತುವೆಯ ಮೇಲಿಂದ ಹೋದೆವು. ಗಡಿಯಲ್ಲಿ ಅಧಿಕಾರಿ ನಮ್ಮ ಬೇರೆ ಬೇರೆ ಬಣ್ಣದ ಪಾಸ್‌ಪೋರ್ಟುಗಳನ್ನು ತಿರುವಿಹಾಕುತ್ತ, ಅಮೆರಿಕಕ್ಕೆ ಬರುವ ಉದ್ದೇಶವೇನು ಎಂದು ಕೇಳಿದ. ಮಗಳು ಮಗುವಿನ ಕಿವಿಯನ್ನು ತೋರಿಸಿ ಇಂಗ್ಲಿಷಿನಲ್ಲಿ ವಿವರಿಸಿದಳು. ಕೆನಡಾದಲ್ಲಿ ಕಿವಿ ಚುಚ್ಚುವುದಿಲ್ಲವೇ ಎಂದು ಅವನು ಕೇಳಿದ. “ಚುಚ್ಚುತ್ತಾರೆ, ಆದರೆ ಅವಳ ಸೋದರಮಾವ ಈ ಕಡೆ ಇದ್ದಾನೆ” ಎಂದಳು.