ಗೇರು ಹಾರುವ ಜೀಪು

"ಇಂಜಿನ್ ಗಟ್ಟಿ ಇದೆ ಮಾರಾಯ್ರೇ, ಗೇರ್‌ಬಾಕ್ಸಿನಲ್ಲಿ ಮಾತ್ರ ಸ್ವಲ್ಪ ಸದ್ದು." ಮಲೆನಾಡಿನಲ್ಲಿ ಹಳೆಯ ಜೀಪು ಮಾರುವವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಇದನ್ನು ಕೇಳಿದ ಕೂಡಲೇ ಕೆಲವರು ಹಿಂದೆ ತಿರುಗಿ ನೋಡದೆ ಹೋಗುತ್ತಾರೆ. ಇನ್ನು ಕೆಲವರು ಅಗ್ಗಕ್ಕೆ ಸಿಕ್ಕಿತೆಂದು ಅಲ್ಲೇ ಮುಂಗಡ ಕೊಡುತ್ತಾರೆ. ಇಬ್ಬರದೂ ಅವಸರವೆಂದೇ ನನಗನ್ನಿಸುತ್ತದೆ. ಸದ್ದು ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎಂಬುದನ್ನು ಕೇಳಿಸಿಕೊಳ್ಳಬೇಕು.

ಗಾಡಿ ನಿಂತಿರುವಾಗಲೇ ಅರ್ಧ ಗೊತ್ತಾಗುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ಶುರು ಮಾಡಿ, ಕ್ಲಚ್ಚಿನಿಂದ ಕಾಲು ತೆಗೆಯಿರಿ. ಗೊರಗೊರ ಎನ್ನುತ್ತಿದ್ದದ್ದು ಕ್ಲಚ್ ಒತ್ತಿದೊಡನೆ ಅಡಗಿದರೆ ಗೇರ್‌ಬಾಕ್ಸಿನೊಳಗಿನ ಬೇರಿಂಗ್ ಸವೆದಿದೆ ಎಂದೇ ಹೆಚ್ಚುಪಾಲು ಅರ್ಥ. ಒತ್ತಿದಾಗಲೇ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್. ಅದು ಅಗ್ಗದ ಸಾಮಾನು, ಆದರೆ ಹಾಕಲು ಗೇರ್‌ಬಾಕ್ಸ್ ಇಳಿಸಬೇಕು, ಕೂಲಿಯೇ ಜಾಸ್ತಿ. ಓಡಿಸುವಾಗ ಮೂರನೇ ಗೇರು ಗರಕ್ಕೆಂದು ಬಿದ್ದರೆ ಸಿಂಕ್ರೊ ರಿಂಗ್ ಮೇಲೆ ಅನುಮಾನ. ಮೂರೇ ಗೇರಿನ ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಮಾತ್ರ ಮೊದಲನೇ ಗೇರಿಗೆ ಸಿಂಕ್ರೊ ಇರಲೇ ಇಲ್ಲ. ಚಲಿಸುತ್ತಿರುವಾಗ ಅದನ್ನು ಹಾಕಿದರೆ ಗರಗರ ಎನ್ನುವುದು ಅದರ ಸ್ವಭಾವ, ರೋಗವಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಗೇರು ಹಾರುವುದು. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು, ಇಂಜಿನ್ನಿನ ಹಿಡಿತದಲ್ಲಿ ಗಾಡಿ ಬಿಡುತ್ತೇವಲ್ಲ, ಆಗ ಗೇರು ತಾನಾಗಿ ಕಳಚಿ ನ್ಯೂಟ್ರಲ್‌ಗೆ ಬಂದರೆ ಉಳಿಯುವುದು ಬ್ರೇಕ್ ಒಂದೇ. ಮಳೆಗಾಲದಲ್ಲಿ ನೀರು ಕುಡಿದ ಹಳೆಯ ಡ್ರಮ್ ಬ್ರೇಕನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಹಿಂದೆ ತೋಟದ ಕೆಲಸದವರು ಕೂತಿರುತ್ತಾರೆ, ಶಾಲೆ ಬಿಟ್ಟ ಮಕ್ಕಳಿರುತ್ತಾರೆ. ಕಾರಣ ಒಂದು ದುರ್ಬಲ ಸ್ಪ್ರಿಂಗ್ ಇರಬಹುದು, ಬಾಗಿದ ಫೋರ್ಕ್ ಇರಬಹುದು, ಮೂಲೆ ಸವೆದು ಉರುಟಾದ ಹಲ್ಲುಗಳಿರಬಹುದು. ಬಿಚ್ಚದೆ ಹೇಳಲಾಗದು. ಆದ್ದರಿಂದ ಬೆಲೆ ಮಾತಾಡುವಾಗ ಕೆಟ್ಟದ್ದನ್ನೇ ಹಿಡಿದು ಲೆಕ್ಕ ಹಾಕಬೇಕು, ಸ್ಪ್ರಿಂಗ್ ಎಂದು ನಂಬಿಕೊಂಡಲ್ಲ.

ಬಿಚ್ಚುವ ಮೊದಲು ಗೇರ್ ಆಯಿಲ್ ಇಳಿಸಿ ನೋಡಬಹುದು. ಹಿತ್ತಾಳೆಯ ಸಣ್ಣ ಪುಡಿ ಹೊಳೆದರೆ ಸಿಂಕ್ರೊ ರಿಂಗ್ ಸವೆಯುತ್ತಿದೆ. ಬೆರಳಿಗೆ ಉಕ್ಕಿನ ಚೂರು ತಾಗಿದರೆ ಹಲ್ಲೇ ಮುರಿದಿರಬಹುದು. ಸದ್ದು ಅಡಗಿಸಲು ಮರದ ಹೊಟ್ಟು ತುಂಬುವುದು ಹಳೆಯ ಮೋಸ, ಅದೂ ಇಲ್ಲೇ ಹೊರಬೀಳುತ್ತದೆ. ಆಯಿಲ್ ಇಳಿಸಲು ಒಪ್ಪದ ಮಾಲೀಕನ ಗಾಡಿ ಎಷ್ಟೇ ಅಗ್ಗವಾದರೂ ಬೇಡ.

ಈಚೆಗೆ ಅಕ್ಕನ ಮಗ ಮಹೀಂದ್ರಾದ ಒಂದು ಎಂಎಂ 540 ಜೀಪು ನೋಡಿ ಬಂದ. "ಮಾವ, ಗೇರು ಹಾರ್ತದಂತೆ, ತಗೊಳ್ಳಬಹುದಾ?"

"ಚಾಸಿ ನೋಡಿದ್ಯಾ?"

"ಇಲ್ಲ, ಗೇರಿನದ್ದೇ ಯೋಚನೆ."

ಎಲ್ಲರೂ ಎಡವುವುದು ಅಲ್ಲೇ. ಗೇರ್‌ಬಾಕ್ಸನ್ನು ಬೋಲ್ಟ್ ಬಿಚ್ಚಿ ಇಳಿಸಬಹುದು, ಬದಲಿ ತಂದು ಏರಿಸಬಹುದು. ಮಹೀಂದ್ರಾದವರು 1947ರಿಂದ ಜೀಪು ಜೋಡಿಸುತ್ತ ಬಂದವರು. ಆ ಕುಲದ ಗಾಡಿಗಳು ದಶಕಗಟ್ಟಲೆ ಓಡಿರುವುದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿದರೆ ಸಾಮಾನು ಸಿಗುತ್ತದೆ. ತುಕ್ಕು ತಿಂದ ಚಾಸಿಗೆ ಮಾತ್ರ ಬೆಸುಗೆ ಮೇಲೆ ಬೆಸುಗೆಯೇ ಗತಿ. ಕಾಗದವೂ ಹಾಗೆಯೇ. ಖಾಸಗಿ ಗಾಡಿಯ ಆರ್‌ಸಿಗೆ 15 ವರ್ಷದ ಆಯಸ್ಸು. ಆಮೇಲೆ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಚಾಸಿ ನಂಬರು ಆರ್‌ಸಿಯೊಂದಿಗೆ ತಾಳೆಯಾಗದಿದ್ದರೆ ಗಾಡಿ ಮನೆಯಂಗಳದಲ್ಲೇ ಉಳಿದೀತು.

ಇನ್ನೊಂದು ಚಿಂತೆ ಮೇಸ್ತ್ರಿಯದು. ಹಲ್ಲು ಹಲ್ಲು ಬಿಡಿಸಿ, ಶಿಮ್ ಕೊಟ್ಟು ಕೂರಿಸುವ ಹಿರಿಯರು ನಮ್ಮ ಕಡೆ ಕಡಿಮೆಯಾಗುತ್ತಿದ್ದಾರೆ. ಅಂಥವರೊಬ್ಬರು ಹತ್ತಿರದಲ್ಲಿದ್ದರೆ ಮುಂಗಡ ಕೊಡುವ ಮೊದಲೇ ಅವರ ದಿನಗೂಲಿ ಕೊಟ್ಟು ಕರೆದೊಯ್ಯಿರಿ. ಚಾಸಿ ಗಟ್ಟಿ, ಕಾಗದ ಸರಿ, ಪೂರ್ತಿ ರಿಪೇರಿಯ ಖರ್ಚು ಕಳೆದೂ ಬೆಲೆ ಹೊಂದುತ್ತದೆ ಎಂದಾದರೆ ಗೇರು ಹಾರುವ ಜೀಪನ್ನೂ ಧೈರ್ಯವಾಗಿ ಕೊಳ್ಳಿ. ಆದರೆ ಗೇರ್‌ಬಾಕ್ಸ್ ಸರಿಯಾಗುವ ತನಕ ಅದರಲ್ಲಿ ಜನ ಕೂರಿಸಿಕೊಂಡು ಘಟ್ಟ ಇಳಿಯಬೇಡಿ.