ಮಾಗಿಯ ಪಿಜ್ಜಾ

ಪುಷ್ಯಮಾಸದಲ್ಲಿ ಸಾಗರದ ನಮ್ಮ ಮನೆಗೆ ಬಂದ ಮೊಮ್ಮಗಳು ಪಿಜ್ಜಾ ಮಾಡಲು ಉದ್ಯುಕ್ತಳಾದಳು. ನೇಪಲ್ಸ್ ನಗರದವರ ಈ ಪಾಕಕಲೆಯನ್ನು 2017ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಆದರೆ ಮಾಗಿಯ ಚಳಿಗೆ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಮಂದವಾಗಿ, ಹಿಟ್ಟು ಉಬ್ಬಲಿಲ್ಲ. ಸ್ವರ್ಗಸ್ಥಳಾದ ನನ್ನ ಪತ್ನಿಯು ದೋಸೆಹಿಟ್ಟನ್ನು ಇಡುತ್ತಿದ್ದಂತೆ, ಬಚ್ಚಲೊಲೆಯ ಪಕ್ಕದಲ್ಲಿ ಇಡಿಸಿದೆನು; ಉಬ್ಬಿತು. ಹಿತ್ತಿಲ ಚಪ್ಪರದವರೆಯ ಕಾಳನ್ನು ಬೇಯಿಸಿ, ಹಸಿಮೆಣಸು, ಪೇಟೆಯ ಚೀಸುಗಳೊಡನೆ ಮೇಲೆ ಹರಡಿದೆವು.

ಭಟ್ಟಿಯಿಲ್ಲ. ಮೂರು ವರ್ಷಗಳಿಂದ ಅಟ್ಟದಲ್ಲಿದ್ದ ಆಕೆಯ ರೊಟ್ಟಿಕಾವಲಿಯನ್ನು ಇಳಿಸಬೇಕಾಯಿತು. ನನಗೆ ಮನಸ್ಸಿರಲಿಲ್ಲ.

“ಅಜ್ಜಾ, ಅದು ತುಕ್ಕು ಹಿಡಿದರೆ ಅಜ್ಜಿಗೆ ಸಂತೋಷವೇ?” ಎಂದಳು.

ನಿರುತ್ತರನಾಗಿ ಕಾವಲಿಯನ್ನು ಉಜ್ಜಿ, ಎಣ್ಣೆ ಸವರಿಕೊಟ್ಟೆನು. ಮುಚ್ಚಳವಿಟ್ಟು ಬೇಯಿಸಿದಳು. ತಳವು ತುಸು ಸೀದಿತ್ತು. ಆದರೂ ಎರಡು ತುಂಡು ತಿಂದೆನು.

ಮೊಮ್ಮಗಳು ಊರಿಗೆ ಮರಳಿದಳು. ಕಾವಲಿಯನ್ನು ನಾನು ಮತ್ತೆ ಅಟ್ಟಕ್ಕೇರಿಸಲಿಲ್ಲ.