ಪ್ರಶ್ನೆಗಳ ಕೊಡುಕೊಳ್ಳುವಿಕೆ

ತನಗೆ ತಿಳಿಯದುದನ್ನು ತಿಳಿಯಲೆಂದು ಕೇಳುವ ಪ್ರಶ್ನೆ ಒಂದು ಬಗೆಯದು. ಅದನ್ನು ನಮ್ಮ ಹಿರಿಯರು ಜಿಜ್ಞಾಸೆ ಎಂದು ಕರೆದರು. ತನಗೆ ತಿಳಿದುದು ಇನ್ನೊಬ್ಬನಿಗೂ ತಿಳಿದಿದೆಯೋ ಇಲ್ಲವೋ ಎಂದು ಅಳೆಯಲು ಕೇಳುವ ಪ್ರಶ್ನೆ ಮತ್ತೊಂದು ಬಗೆಯದು. ಅದು ಪರೀಕ್ಷೆ. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು. ಉತ್ತರವನ್ನು ಬಲ್ಲವನು ಎದುರಿನವರನ್ನು ಅಳೆಯುವ ಹಂಬಲವಿಲ್ಲದೆ, ತಾನು ಕಂಡ ಒಂದು ಸೋಜಿಗವನ್ನು ಅವರೂ ಕಾಣಲೆಂದು ಕೇಳುವ ಪ್ರಶ್ನೆ ಅದು. ಅಂಥ ಪ್ರಶ್ನೆಯಲ್ಲಿ ಉತ್ತರ ಹೇಳಿದವನಿಗೂ ಸಂತೋಷ, ಸೋತವನಿಗೂ ಸಂತೋಷ. ಏಕೆಂದರೆ ಇಬ್ಬರಿಗೂ ಕೊನೆಯಲ್ಲಿ ದಕ್ಕುವುದು ಅದೇ ತಿಳಿವಳಿಕೆ. ಸಾಮಾನ್ಯ ಜ್ಞಾನದ ಇಂತಹ ಪ್ರಶ್ನೆಗಳನ್ನು ಪರಸ್ಪರ ಕೊಟ್ಟು ಕೊಳ್ಳುವ ಹವ್ಯಾಸಿಗಳ ಬಳಗಗಳು ಇಂದು ಅನೇಕವಾಗಿವೆ. ಅಂತಹ ಹನ್ನೆರಡು ಜನರ ಒಂದು ಚಿಕ್ಕ ಬಳಗದಲ್ಲಿ ಕೆಲವು ವರ್ಷಗಳಿಂದ ನಾನೂ ಒಬ್ಬನಾಗಿರುವುದರಿಂದ, ಆ ಹವ್ಯಾಸದ ಸ್ವಾರಸ್ಯವನ್ನೂ ಅದರಲ್ಲಿ ಅಡಗಿರುವ ಹೊಣೆಯನ್ನೂ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ಪ್ರಶ್ನೆಯ ವಿನೋದ ನಮಗೆ ಹೊಸದಲ್ಲ. ಸಂಸ್ಕೃತದಲ್ಲಿ ಪ್ರಹೇಲಿಕೆಗಳಿದ್ದವು. ಮಹಾಭಾರತದ ವನಪರ್ವದಲ್ಲಿ ಯಕ್ಷನು ಧರ್ಮರಾಯನನ್ನು ಕೇಳಿದ ಪ್ರಶ್ನೆಗಳನ್ನು ಅರಿಯದವರಿಲ್ಲ. ನಮ್ಮ ಹಳ್ಳಿಗಳ ಮದುವೆಮನೆಗಳಲ್ಲಿ ಬೀಗರು ಬೀಗರಿಗೆ ಒಗಟುಗಳನ್ನು ಒಡ್ಡಿ ನಗೆಯಾಡುತ್ತಿದ್ದರು. ಆದರೆ ಒಗಟಿಗೂ ಇಂದಿನ ಸಾಮಾನ್ಯ ಜ್ಞಾನದ ಪ್ರಶ್ನೆಗೂ ಒಂದು ಭೇದವಿದೆ. ಒಗಟನ್ನು ಬಿಡಿಸಲು ಬೇಕಾದ ಸಾಮಗ್ರಿಯೆಲ್ಲ ಆ ಒಗಟಿನಲ್ಲಿಯೇ ಇರುತ್ತದೆ. ಕೇಳುವವನು ಬುದ್ಧಿಯನ್ನು ತೀಡಿದರೆ ಸಾಕು. ಸಾಮಾನ್ಯ ಜ್ಞಾನದ ಪ್ರಶ್ನೆಗಾದರೋ ಹೊರಗಿನ ಲೋಕವೇ ಸಾಕ್ಷಿ. ಅಲ್ಲಿ ಉತ್ತರ ಚಮತ್ಕಾರವಾಗಿದ್ದರೆ ಸಾಲದು, ನಿಜವೂ ಆಗಿರಬೇಕು.

ಇಂಗ್ಲಿಷಿನಲ್ಲಿ ಇಂತಹ ಬಿಡಿ ಸಂಗತಿಗಳನ್ನು 'ಟ್ರಿವಿಯಾ' ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ 'ಟ್ರಿವಿಯಂ' ಎಂದರೆ ಮೂರು ದಾರಿಗಳು ಕೂಡುವ ಸ್ಥಳ. ಜನ ನಿಂತು ಹರಟುವ ಜಾಗವಾದ್ದರಿಂದ ಆ ಮೂಲದ ಪದಕ್ಕೆ 'ಸಾಮಾನ್ಯವಾದುದು, ಕ್ಷುಲ್ಲಕವಾದುದು' ಎಂಬ ಅರ್ಥ ಬಂದಿತು. ಹೀಗೆ ದಾರಿಯ ಕೂಟದಲ್ಲಿ ನಡೆಯುತ್ತಿದ್ದ ಮಾತಿಗೆ ಒಂದು ಪತ್ರಿಕೆಯ ರೂಪವನ್ನೇ ಕೊಟ್ಟ ಪುಣ್ಯಾತ್ಮನು ಇಂಗ್ಲೆಂಡಿನ ವಿಲಿಯಂ ಜಾನ್ ಥಾಮ್ಸ್. 'ಫೋಕ್‌ಲೋರ್', ಎಂದರೆ ಜಾನಪದ ಎಂಬರ್ಥದ ಇಂಗ್ಲಿಷ್ ಪದವನ್ನು 1846ರಲ್ಲಿ ಸೃಷ್ಟಿಸಿದವನೂ ಇವನೇ. 1849ರಲ್ಲಿ ಅವನು 'ನೋಟ್ಸ್ ಅಂಡ್ ಕ್ವೆರೀಸ್' ಎಂಬ ವಾರಪತ್ರಿಕೆಯನ್ನು ಆರಂಭಿಸಿದನು. ಓದುಗರೇ ಪ್ರಶ್ನೆ ಕಳಿಸುವುದು, ಓದುಗರೇ ಉತ್ತರ ಬರೆಯುವುದು ಅದರ ಕ್ರಮವಾಗಿದ್ದಿತು. ಒಂದೂರಿನ ಪಾದ್ರಿಯ ಸಂದೇಹವನ್ನು ಇನ್ನೊಂದೂರಿನ ವಕೀಲನು ಪರಿಹರಿಸಬಹುದಾಗಿತ್ತು. ಆ ಪತ್ರಿಕೆ ಇಂದಿಗೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಹೊರಬರುತ್ತಿದೆ.

ಈ ಕೊಡುಕೊಳ್ಳುವಿಕೆ ವಿನೋದದ ಆಟವಾಗಿ ಹೆಸರಾದುದು ಅಮೆರಿಕದಲ್ಲಿ. 1965ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ ಗುಡ್‌ಗೋಲ್ಡ್ ತಮ್ಮ ವಿದ್ಯಾರ್ಥಿ ಪತ್ರಿಕೆಯಲ್ಲಿ ಈ ಆಟದ ಕುರಿತು ಬರೆದು ಅದಕ್ಕೆ 'ಟ್ರಿವಿಯಾ' ಎಂಬ ಹೆಸರನ್ನು ಬಳಸಿದರು. ಬಳಿಕ ಡ್ಯಾನ್ ಕಾರ್ಲಿನ್ಸ್ಕಿ ಅವರೊಡಗೂಡಿ ಸ್ಪರ್ಧೆಗಳನ್ನೂ ನಡೆಸಿದರು. ಬಾಲ್ಯದಲ್ಲಿ ಕೇಳಿದ ರೇಡಿಯೋ ಕಾರ್ಯಕ್ರಮ, ನೋಡಿದ ಚಲನಚಿತ್ರ ಇವೇ ಆ ತರುಣರ ಪ್ರಶ್ನೆಗಳಿಗೆ ವಸ್ತು. ನಮ್ಮ ದೇಶದಲ್ಲಿ 1967ರಲ್ಲಿ ಕಲ್ಕತ್ತೆಯಲ್ಲಿ ನೀಲ್ ಓಬ್ರಿಯನ್ ಅವರು ಸಾರ್ವಜನಿಕ ರಸಪ್ರಶ್ನೆಯನ್ನು ನಡೆಸಿದರು. 1972ರಲ್ಲಿ ಹೈದರಾಬಾದಿನ ಕೆ-ಸರ್ಕಲ್, 1983ರಲ್ಲಿ ಬೆಂಗಳೂರಿನ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದವು. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಬಂದಾಗ ಮನೆಮನೆಯ ಮಕ್ಕಳೂ ಪ್ರಶ್ನೆಪುಸ್ತಕ ಹಿಡಿದರು. ಕನ್ನಡಿಗರಿಗಂತೂ 2002ರಲ್ಲಿ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ಆರಂಭಿಸಿದ 'ಥಟ್ ಅಂತ ಹೇಳಿ' ಕಾರ್ಯಕ್ರಮದ ಪರಿಚಯ ಹೇಳಬೇಕಾಗಿಲ್ಲ. ಸರಿಯುತ್ತರಕ್ಕೆ ಹಣವನ್ನಲ್ಲದೆ ಕನ್ನಡ ಪುಸ್ತಕವನ್ನು ಬಹುಮಾನವಾಗಿ ಕೊಡುವ ಆ ಪದ್ಧತಿ ನನಗೆ ಬಹಳ ಮೆಚ್ಚುಗೆಯಾದುದು. ಪ್ರಶ್ನೆ ಅಲ್ಲಿಗೇ ಮುಗಿಯದೆ ಓದಿಗೆ ಬಾಗಿಲಾಗುತ್ತದೆ.

ನಮ್ಮ ಬಳಗದ ಕ್ರಮ ಸರಳವಾದುದು. ವಾರಕ್ಕೊಬ್ಬರು ಮೂರು ಪ್ರಶ್ನೆಗಳನ್ನು ಒಡ್ಡುತ್ತಾರೆ. ಉಳಿದವರು ಪುಸ್ತಕ ನೋಡದೆ, ಯಾರನ್ನೂ ಕೇಳದೆ ಒಂದು ದಿನದೊಳಗೆ ಉತ್ತರಿಸುತ್ತಾರೆ. ಅಂಕವಿಲ್ಲ, ಬಹುಮಾನವಿಲ್ಲ. ಬಳಗದಲ್ಲಿ ನಿವೃತ್ತ ಅಧಿಕಾರಿಗಳಿದ್ದಾರೆ, ಗೃಹಿಣಿಯರಿದ್ದಾರೆ, ಒಬ್ಬ ಔಷಧ ವ್ಯಾಪಾರಿಯಿದ್ದಾರೆ, ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿಯಿದ್ದಾಳೆ. ಇಷ್ಟು ಸರಳವಾದ ಆಟದಲ್ಲಿ ಮನಸ್ತಾಪಕ್ಕೆ ಎಡೆಯೆಲ್ಲಿ ಎಂದು ಓದುಗರು ಕೇಳಬಹುದು. ಆದರೂ ಒಮ್ಮೆ ಅದು ಬಂದಿತು.

ವಿದ್ಯುತ್ ಇಲಾಖೆಯಲ್ಲಿ ಜೀವಮಾನವೆಲ್ಲ ದುಡಿದ ಹಿರಿಯರೊಬ್ಬರು ತಮ್ಮ ಸರದಿಯಲ್ಲಿ 'ಏಷ್ಯಾ ಖಂಡದ ಮೊತ್ತಮೊದಲ ಜಲವಿದ್ಯುತ್ ಕೇಂದ್ರ ಯಾವುದು?' ಎಂದು ಕೇಳಿದರು. ಶಿವನಸಮುದ್ರ ಎಂಬುದು ಅವರು ಇರಿಸಿಕೊಂಡಿದ್ದ ಉತ್ತರ. ಹತ್ತು ಜನ ಅದನ್ನೇ ಬರೆದರು. ಕಾಲೇಜಿನ ಹುಡುಗಿ ಮಾತ್ರ ವಿನಯದಿಂದ ಆಕ್ಷೇಪವೆತ್ತಿದಳು. ಶಿವನಸಮುದ್ರದ ವಿದ್ಯುತ್ತು ಹರಿದುದು 1902ರಲ್ಲಿ. ಡಾರ್ಜಿಲಿಂಗಿನ ಬಳಿಯ ಸಿದ್ರಾಪೊಂಗ್ ಕೇಂದ್ರ 1897ರ ನವೆಂಬರಿನಲ್ಲಿಯೇ ಆರಂಭವಾಗಿತ್ತು. ಜಪಾನಿನ ಕ್ಯೋಟೋ ನಗರದ ಕೆಯಾಗೆ ಕೇಂದ್ರವಾದರೋ 1891ರದು. ಇವು ಅವಳ ಆಧಾರಗಳು. ಹಿರಿಯರಿಗೆ ಬೇಸರವಾಯಿತು. "ನಮ್ಮ ನಾಡಿನ ಕೀರ್ತಿಯನ್ನು ನಾವೇ ಕುಗ್ಗಿಸಬೇಕೆ?" ಎಂದವರು ಎರಡು ವಾರ ಬಳಗದತ್ತ ಸುಳಿಯಲಿಲ್ಲ.

ಅವರ ನೋವು ಹುಸಿಯಾದುದಲ್ಲ. ಆ ಕೇಂದ್ರದ ತಂತಿಗಳೊಡನೆ ಅವರ ಬದುಕಿನ ಅಭಿಮಾನ ಹೆಣೆದುಕೊಂಡಿದ್ದಿತು. ಬಳಗದಲ್ಲಿ ಕೆಲವರು ಹುಡುಗಿ ಸುಮ್ಮನಿರಬಹುದಾಗಿತ್ತೆಂದರು. ನನ್ನ ಅಭಿಪ್ರಾಯ ಕೇಳಿದಾಗ, ಸುಮ್ಮನಿದ್ದಿದ್ದರೆ ಅದು ಗೌರವವಾಗುತ್ತಿರಲಿಲ್ಲ ಎಂದೆನು. ಹನ್ನೊಂದು ಮಂದಿ ಆ ಪ್ರಶ್ನೆಯನ್ನು ತಮ್ಮ ಮೊಮ್ಮಕ್ಕಳಿಗೆ ಕೇಳುತ್ತಿದ್ದರು; ಮೊಮ್ಮಕ್ಕಳು ಶಾಲೆಗೆ ಒಯ್ಯುತ್ತಿದ್ದರು. ಪ್ರೀತಿಯಿಂದ ಹಂಚಿದ ಮಾತ್ರಕ್ಕೆ ತಪ್ಪು ಸರಿಯಾಗದು.

ಮೂರನೆಯ ವಾರ ಆ ಹಿರಿಯರು ತಾವಾಗಿಯೇ ಬಂದು ಹೊಸದೊಂದು ಪ್ರಶ್ನೆ ಒಡ್ಡಿದರು. '1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಮೊದಲು ಸೇರಿದ ಸ್ಥಳ ಯಾವುದು? ಬೆಂಗಳೂರಲ್ಲ, ಮೈಸೂರಲ್ಲ.' ಈ ಪ್ರಶ್ನೆಯ ಸೊಗಸನ್ನು ಓದುಗರು ಗಮನಿಸಬೇಕು. ಉತ್ತರ ನೆನಪಿನಲ್ಲಿ ಇಲ್ಲದವರೂ ಯೋಚಿಸಿ ತಲುಪಬಹುದು. ಆ ಕಾಲದಲ್ಲಿ ಅಷ್ಟು ವಿದ್ಯುತ್ತು ಯಾರಿಗೆ ಬೇಕಿತ್ತು? ಅದಕ್ಕೆ ಹಣ ಕೊಡಬಲ್ಲವರು ಯಾರಿದ್ದರು? ಆಳವಾದ ಗಣಿಗಳಲ್ಲಿ ಉಗಿಯಂತ್ರಗಳನ್ನು ನಡೆಸುತ್ತಿದ್ದ, ಅದಕ್ಕಾಗಿ ದೂರದಿಂದ ಕಲ್ಲಿದ್ದಲು ತರಿಸಬೇಕಾಗಿದ್ದ ಕೋಲಾರದ ಚಿನ್ನದ ಗಣಿಗಳೇ ಉತ್ತರವೆಂದು ಔಷಧ ವ್ಯಾಪಾರಿಗಳು ಬರಿಯ ತರ್ಕದಿಂದಲೇ ಹೇಳಿದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟಿನಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಆ ಯೋಜನೆಯ ಸಾಹಸ 'ಮೊತ್ತಮೊದಲು' ಎಂಬ ಬಿರುದಿಲ್ಲದೆಯೇ ನಮ್ಮೆಲ್ಲರ ಮನಸ್ಸನ್ನು ತುಂಬಿತು. ಹುಡುಗಿಯನ್ನು ಎಲ್ಲರಿಗಿಂತ ಮೊದಲು ಮೆಚ್ಚಿದವರೂ ಆ ಹಿರಿಯರೇ.

ಇಲ್ಲಿ ಇನ್ನೊಂದು ನಿಜ ಸಂಗತಿ ನೆನಪಾಗುತ್ತದೆ. ಅಮೆರಿಕದ ಫ್ರೆಡ್ ವರ್ತ್ ಎಂಬವರು ಬಿಡಿ ಸಂಗತಿಗಳ ಕೋಶವೊಂದನ್ನು ರಚಿಸಿದ್ದರು. ತಮ್ಮ ಶ್ರಮವನ್ನು ಯಾರಾದರೂ ಕದ್ದರೆ ಗೊತ್ತಾಗಲೆಂದು ಅದರಲ್ಲಿ ಬೇಕೆಂದೇ ಒಂದು ಸುಳ್ಳನ್ನು ಇರಿಸಿದ್ದರು. ದೂರದರ್ಶನದ ಹೆಸರಾಂತ ಪತ್ತೇದಾರ ಪಾತ್ರ ಕೊಲಂಬೋನ ಮೊದಲ ಹೆಸರು 'ಫಿಲಿಪ್' ಎಂಬುದೇ ಆ ಸುಳ್ಳು. 1979ರಲ್ಲಿ ಕೆನಡಾದ ಇಬ್ಬರು ಪತ್ರಿಕಾ ಉದ್ಯೋಗಿಗಳು ಕಲ್ಪಿಸಿದ 'ಟ್ರಿವಿಯಲ್ ಪರ್ಸ್ಯೂಟ್' ಎಂಬ ಪ್ರಶ್ನೆಯಾಟ ಮುಂದೆ ಲಕ್ಷಾಂತರ ಮನೆಗಳನ್ನು ಹೊಕ್ಕಿತು. ಅದರ ಒಂದು ಚೀಟಿಯಲ್ಲಿ ಆ ಫಿಲಿಪ್ ಪ್ರತ್ಯಕ್ಷನಾದನು. 1984ರಲ್ಲಿ ವರ್ತ್ ಅವರು 30 ಕೋಟಿ ಡಾಲರ್ ಪರಿಹಾರ ಬೇಡಿ ನ್ಯಾಯಾಲಯಕ್ಕೆ ಹೋದರು. ಆಟದವರು ಆ ಕೋಶವನ್ನೂ ಆಕರವಾಗಿ ಬಳಸಿದುದನ್ನು ಅಲ್ಲಗಳೆಯಲಿಲ್ಲ. ಸಂಗತಿಗಳ ಮೇಲೆ ಯಾರಿಗೂ ಒಡೆತನವಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. 1987ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ತೀರ್ಪು ನ್ಯಾಯವಾದುದೆಂದೇ ನನ್ನ ಭಾವನೆ. ಗಾಳಿಗೆ ಒಡೆಯನಿಲ್ಲದಂತೆ ನಿಜಕ್ಕೂ ಒಡೆಯನಿಲ್ಲ. ಆದುದರಿಂದಲೇ ನಾವು ಪ್ರಶ್ನೆಗಳನ್ನು ನಿಸ್ಸಂಕೋಚವಾಗಿ ಹಂಚಿಕೊಳ್ಳುತ್ತೇವೆ. ಆದರೆ ಆ ಪ್ರಕರಣದಿಂದ ಕಲಿಯಬೇಕಾದುದು ಇನ್ನೂ ಒಂದಿದೆ. ಫಿಲಿಪ್‌ನನ್ನು ಆಟದವರು ಪರಿಶೀಲಿಸದೆ ಮುಂದಕ್ಕೆ ದಾಟಿಸಿದರು. ಆಟವಾಡಿದ ಅಸಂಖ್ಯ ಮನೆಗಳು ಅವನನ್ನು ನಂಬಿದವು. ಸಂಗತಿಗೆ ಒಡೆಯನಿಲ್ಲದಿದ್ದರೂ ಅದನ್ನು ದಾಟಿಸುವ ಪ್ರತಿಯೊಬ್ಬನೂ ಅದಕ್ಕೆ ಜಾಮೀನುದಾರನಾಗಿರುತ್ತಾನೆ. ಈ ಹವ್ಯಾಸದ ಧರ್ಮವೆಂದು ನಾನು ತಿಳಿದಿರುವುದು ಇಷ್ಟೇ.

ಸುಳ್ಳು ಸಂಗತಿಗಳು ಹೆಚ್ಚಾಗಿ ಸೊಗಸಾದ ಕಥೆಯ ವೇಷದಲ್ಲಿ ಬರುತ್ತವೆ. 'ಕ್ವಿಜ್' ಎಂಬ ಪದದ ಕಥೆಯನ್ನೇ ನೋಡಿ. 1791ರಲ್ಲಿ ಡಬ್ಲಿನ್ ನಗರದ ನಾಟಕಶಾಲೆಯ ಒಡೆಯನೊಬ್ಬ ಪಂದ್ಯ ಕಟ್ಟಿ, ಅರ್ಥವಿಲ್ಲದ ಆ ಪದವನ್ನು ರಾತ್ರೋರಾತ್ರಿ ಗೋಡೆಗಳ ಮೇಲೆ ಬರೆಯಿಸಿ ಬಳಕೆಗೆ ತಂದನಂತೆ. ಆದರೆ 'ವಿಚಿತ್ರ ವ್ಯಕ್ತಿ' ಎಂಬರ್ಥದಲ್ಲಿ ಆ ಪದ 1782ರ ಬರಹದಲ್ಲಿಯೇ ದೊರೆಯುತ್ತದೆ. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ಎಷ್ಟೋ ಪುಸ್ತಕಗಳಲ್ಲಿ ಅಚ್ಚಾಗಿದೆ. ಯಾವುದೇ ಕ್ರೀಡೆಗೆ ಆ ಸ್ಥಾನ ಕೊಟ್ಟಿಲ್ಲವೆಂದು ಕೇಂದ್ರ ಸರ್ಕಾರ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತು.

ಮತ್ತೆ ಕೆಲವು ಉತ್ತರಗಳು ಒಂದು ಕಾಲಕ್ಕೆ ನಿಜವಾಗಿದ್ದು ಬಳಿಕ ಹಳತಾಗುತ್ತವೆ. ಗ್ರಹಗಳು ಒಂಬತ್ತು ಎಂದು ಕಲಿತವರು ನಾವು. 2006ರ ಆಗಸ್ಟಿನಲ್ಲಿ ಖಗೋಳ ವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ಪ್ಲೂಟೋವನ್ನು ಆ ಪಂಕ್ತಿಯಿಂದ ಇಳಿಸಿತು. ನಮ್ಮ ರಾಜ್ಯದ ಜಿಲ್ಲೆಗಳೆಷ್ಟೆಂದು ಮನೆಯಲ್ಲಿ ಕೇಳಿದರೆ ಅಜ್ಜ 20 ಎನ್ನುತ್ತಾರೆ, ಮಗ 27 ಎನ್ನುತ್ತಾನೆ, ಮೊಮ್ಮಗಳು 31 ಎನ್ನುತ್ತಾಳೆ. 1997ರಲ್ಲಿ ಏಳು, 2007ರಲ್ಲಿ ಎರಡು, 2009ರ ಕೊನೆಯಲ್ಲಿ ಯಾದಗಿರಿ, 2021ರಲ್ಲಿ ವಿಜಯನಗರ ಜಿಲ್ಲೆಗಳು ಸೇರಿದುದನ್ನು ಬಲ್ಲವರಿಗೆ ಆ ಮೂವರ ಜಗಳವೇ ಒಂದು ಚರಿತ್ರೆಯ ಪಾಠ. ಆದುದರಿಂದ ನಮ್ಮ ಬಳಗದಲ್ಲಿ ಈಗ ಪ್ರಶ್ನೆಯೊಡನೆ ವರ್ಷವನ್ನು ಬರೆಯುವುದು ಕಡ್ಡಾಯ. 'ಮೊತ್ತಮೊದಲ', 'ಅತಿ ದೊಡ್ಡ' ಎಂಬ ಪದಗಳಿದ್ದರೆ ಎರಡು ಬೇರೆ ಬೇರೆ ಆಕರಗಳನ್ನು ನೋಡಿರಬೇಕು. ಒಂದು ಮತ್ತೊಂದನ್ನು ನೋಡಿ ಬರೆದುದಾದರೆ ಅವೆರಡೂ ಸೇರಿ ಒಂದೇ ಎಂದು ಲೆಕ್ಕ.

ಅಂಗೈಯೊಳಗಿನ ಯಂತ್ರವೇ ಕ್ಷಣಾರ್ಧದಲ್ಲಿ ಉತ್ತರ ಹೇಳುವ ಈ ಕಾಲದಲ್ಲಿ ಇಷ್ಟೆಲ್ಲ ಏಕೆ ಎಂದು ತರುಣರು ಕೇಳುತ್ತಾರೆ. ಕೇಳತಕ್ಕ ಮಾತೇ ಸರಿ. ಯಂತ್ರವು ಕೇಳಿದುದಕ್ಕೆ ಉತ್ತರ ಕೊಡುತ್ತದೆ. ಆದರೆ ಕೋಲಾರದ ಗಣಿಗೂ ಕಾವೇರಿಯ ಜಲಪಾತಕ್ಕೂ ಸಂಬಂಧವಿದೆಯೆಂಬುದನ್ನೇ ಅರಿಯದವನು ಅದನ್ನು ಏನೆಂದು ಕೇಳಿಯಾನು? ಕೇಳಬೇಕೆಂಬ ಆಸೆಯನ್ನು ಹುಟ್ಟಿಸುವವನು ಬೇರೊಬ್ಬ ಮನುಷ್ಯನೇ. ಅಲ್ಲದೆ ಉತ್ತರ ಸಿಗದೆ ಒಂದು ದಿನ ಕಾಯ್ದವನಿಗೆ ಆ ಉತ್ತರ ಜೀವನಪರ್ಯಂತ ಉಳಿಯುತ್ತದೆ.

ಓದುಗ ಬಂಧುಗಳಲ್ಲಿ ನನ್ನದೊಂದು ವಿನಂತಿ. ರಾತ್ರಿಯ ಊಟವಾದ ಮೇಲೆ ಮನೆಯವರೆಲ್ಲ ಕುಳಿತಾಗ ದಿನಕ್ಕೊಬ್ಬರು ಒಂದು ಪ್ರಶ್ನೆ ಕೇಳುವ ರೂಢಿ ಮಾಡಿಕೊಳ್ಳಿರಿ. ಹಿರಿಯರು ಮಕ್ಕಳನ್ನು ಕೇಳುವುದಷ್ಟೇ ಅಲ್ಲ, ಮಕ್ಕಳೂ ಹಿರಿಯರನ್ನು ಕೇಳಲಿ. ಉತ್ತರ ತಿಳಿಯದವರನ್ನು ನಗೆಪಾಟಲು ಮಾಡಬಾರದು. ಉತ್ತರ ಹೇಳಿದ ಮೇಲೆ 'ನಿನಗೆ ಇದು ಎಲ್ಲಿ ದೊರೆಯಿತು?' ಎಂದು ಕೇಳುವ ಹಕ್ಕು ಮನೆಯ ಅತಿ ಕಿರಿಯ ಮಗುವಿಗೂ ಇರಲಿ; ಅದಕ್ಕೆ ಉತ್ತರಿಸುವ ತಾಳ್ಮೆ ಅತಿ ಹಿರಿಯರಿಗೂ ಇರಲಿ. ಇಂದು ರಾತ್ರಿಯ ಮೊದಲ ಪ್ರಶ್ನೆಗೆ ಶಿವನಸಮುದ್ರವೇ ಒದಗಬಹುದು.